ತೊಡೆಸಂದಿನ ಗಂಟನ್ನು ತಿಕ್ಕಬೇಡಿ

ತಮ್ಮಾ, ಮೊದಲು ಆ ಎಣ್ಣೆಯ ಬಾಟಲಿ ಕೆಳಗಿಡಿ. ಸೋಗೆ ಎಳೆಯುವಾಗ ಪಾದಕ್ಕೆ ಕೂಳೆ ಚುಚ್ಚಿ ನಾಲ್ಕು ದಿನವಾಯಿತು, ಈಗ ತೊಡೆಸಂದಿನಲ್ಲಿ ಗಂಟು ಎದ್ದಿದೆ, ಬಿಸಿಯೆಣ್ಣೆ ಹಾಕಿ ತಿಕ್ಕುತ್ತಿದ್ದೇನೆ, ಕರಗಲು ಇನ್ನೇನು ಹಚ್ಚಬಹುದು ಎಂದು ಈ ಗುಂಪಿನಲ್ಲಿ ಕೇಳಿದ್ದೀರಿ. ಕೆಳಗೆ ಹನ್ನೊಂದು ಮಂದಿ ಹನ್ನೊಂದು ಬಗೆಯ ಸೊಪ್ಪು, ಎಣ್ಣೆ ಹೇಳಿದ್ದಾರೆ. ನಿಮ್ಮ ಎರಡನೆಯ ಚಿತ್ರವನ್ನು ಒಬ್ಬರೂ ದೊಡ್ಡದು ಮಾಡಿ ನೋಡಿದಂತಿಲ್ಲ. ಕಣಕಾಲಿನ ಒಳಬದಿಯಿಂದ ಮೊಣಕಾಲಿನತ್ತ ಒಂದು ಕೆಂಪು ಗೆರೆ ಹತ್ತಿದೆ. ಅದು ಉಗುರಿನ ಗೀರಲ್ಲ. ರಾತ್ರಿ ಚಳಿ ಹಿಡಿದಂತಾಯಿತು ಎಂದೂ ನೀವೇ ಬರೆದಿದ್ದೀರಿ. ಇವತ್ತೇ ಡಾಕ್ಟರರ ಹತ್ತಿರ ಹೋಗಿ, ಉಳಿದದ್ದನ್ನು ದಾರಿಯಲ್ಲಿ ಓದಿ.

ಇಷ್ಟು ಜೋರಾಗಿ ಹೇಳುವುದು ಏಕೆಂದರೆ 2017ರ ಮಳೆಗಾಲದಲ್ಲಿ ಇದೇ ಮೂರ್ಖತನವನ್ನು ನಾನೂ ಮಾಡಿದ್ದೇನೆ. ನನ್ನದು ಕೂಳೆಯೂ ಅಲ್ಲ, ಬೆರಳ ಸಂದಿನ ಕೆಸರುಹುಣ್ಣು. ಅದನ್ನು ಗಾಯ ಎಂದು ಎಣಿಸಿದವರು ಯಾರು? ತೊಡೆಸಂದಿನಲ್ಲಿ ಗೋಟಡಿಕೆಯಷ್ಟು ಗಂಟು ಬಂದಾಗ ನರ ಉಳುಕಿತು ಎಂದುಕೊಂಡೆ. ಹಳದಿ ಡಬ್ಬಿಯ ಒಂದು ನೋವಿನ ಮುಲಾಮು, ಅದರ ಮೇಲೆ ಬಿಸಿಯೆಣ್ಣೆ, ಮೂರು ರಾತ್ರಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದೆ. ನಾಲ್ಕನೆಯ ದಿನ ಸಂಜೆ ಹಟ್ಟಿಯ ಬಲ್ಬಿನ ಬೆಳಕಿನಲ್ಲಿ ಕಾಲು ತೊಳೆಯುವಾಗ ಗೆರೆ ಕಂಡಿತು. ಪೆನ್ಸಿಲಿನಷ್ಟು ಅಗಲ, ಮುಟ್ಟಿದರೆ ದಾರದಂತೆ ಗಟ್ಟಿ, ಬಿಸಿ. ರಾತ್ರಿ ಎರಡು ಗಂಟೆಗೆ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಆಸ್ಪತ್ರೆಯಲ್ಲಿ ನರ್ಸ್ ‘ಕಳಲ ಉಂಡೋ?’ ಎಂದು ಕೇಳಿದರು. ಕಾಸರಗೋಡಿನವನು, ಹುಟ್ಟಿದಾಗಿನಿಂದ ಮಲಯಾಳ ಕೇಳಿದವನು ನಾನು, ಆದರೂ ಜ್ವರದ ಅಮಲಿನಲ್ಲಿ ‘ಕಳಲೆ ಉಂಡು ಎಂಟು ದಿನವಾಯಿತು’ ಎಂದೆನಂತೆ. ಅವರು ಮಲಯಾಳದಲ್ಲಿ ಕೇಳಿದ್ದು ತೊಡೆಸಂದಿನಲ್ಲಿ ಗಂಟು ಇದೆಯೇ ಎಂದು. ಎಂಟು ದಿನ ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಹೋಯಿತು.

ಗಂಟನ್ನೇ ರೋಗ ಎಂದುಕೊಳ್ಳುವುದು ಇಲ್ಲಿಯ ತಪ್ಪು. ತೋಟದಲ್ಲಿ ಬೇರು ಹೀರದೆ ಉಳಿದ ನೀರು ಉಜಿರುಕಣಿಗೆ ಇಳಿಯುತ್ತದಲ್ಲ, ಮೈಯೊಳಗೂ ಅಂಥ ಕಣಿಗಳಿವೆ. ರಕ್ತದ ಸಣ್ಣ ನಾಳಗಳಿಂದ ಒಸರಿ ಅಂಗಾಂಶಗಳಲ್ಲಿ ಉಳಿದ ನೀರನ್ನು ಅವು ಎತ್ತಿಕೊಳ್ಳುತ್ತವೆ. ಅದೇ ದುಗ್ಧರಸ, ಇಂಗ್ಲಿಷಿನ ಲಿಂಫ್. ದಿನಕ್ಕೆ ಎರಡು ಮೂರು ಲೀಟರಿಗೆ ಕಡಿಮೆಯಿಲ್ಲ. ಅದರಲ್ಲಿ ಬಹುಪಾಲು ಎಡಗಡೆ ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರುತ್ತದೆ. ದಾರಿಯುದ್ದಕ್ಕೂ ದುಗ್ಧಗ್ರಂಥಿಗಳು, ಇಡೀ ಮೈಯಲ್ಲಿ ಐನೂರು ಆರುನೂರು. ಊದಿದಾಗ ನಾವು ಗಂಟು ಎನ್ನುವುದು ಇವನ್ನೇ. ಕಾಲಿನ ಕಣಿ ತೊಡೆಸಂದಿಗೆ, ಕೈಯದು ಕಂಕುಳಿಗೆ, ಹಲ್ಲು ಗಂಟಲಿನದು ಕುತ್ತಿಗೆಗೆ. ಹಾಗಾಗಿ ಗಂಟು ಎದ್ದರೆ ಅದನ್ನು ನೋಡುತ್ತಾ ಕೂರಬೇಡಿ, ಅಲ್ಲಿಗೆ ಬರುವ ಕಣಿ ಎಲ್ಲಿಂದ ಹೊರಡುತ್ತದೋ ಆ ಕಡೆ ಗಾಯ ಹುಡುಕಿ.

ಗ್ರಂಥಿ ಬರೀ ಜರಡಿಯಾಗಿದ್ದರೆ ಉಜಿರುಕಣಿಯ ಹೋಲಿಕೆ ಅಲ್ಲಿಗೆ ಮುಗಿಯುತ್ತಿತ್ತು. ಗಾಯದಲ್ಲಿ ಕಾವಲಿದ್ದ ಕಣಗಳು ರೋಗಾಣುವಿನ ಚೂರನ್ನು ಹೊತ್ತು ಇಲ್ಲಿಗೆ ಬರುತ್ತವೆ. ಆ ಚೂರಿಗೆ ಸರಿಹೊಂದುವ ಬಿಳಿ ರಕ್ತಕಣ ಸಿಕ್ಕಿತೋ, ಅದು ಒಂದಕ್ಕೆರಡು, ಎರಡಕ್ಕೆ ನಾಲ್ಕಾಗಿ ಹೆಚ್ಚುತ್ತದೆ, ಪ್ರತಿಕಾಯ ತಯಾರಾಗುತ್ತದೆ. ಇದಕ್ಕೆ ಕೆಲವು ದಿನ ಬೇಕು. ಊತ, ನೋವು ಆ ಗಡಿಬಿಡಿಯದು. 2021ರಲ್ಲಿ ಕೊರೋನಾ ಲಸಿಕೆ ಚುಚ್ಚಿದ ಬದಿಯ ಕಂಕುಳಿನಲ್ಲಿ ಗಂಟು ಬಂತೆಂದು ಇದೇ ಗುಂಪಿನಲ್ಲಿ ಗಾಬರಿ ಎದ್ದಿದ್ದು ನೆನಪಿದೆಯೇ? ಅದೂ ಇದೇ ಕೆಲಸ. ಕೆಂಪು ಗೆರೆ ಮಾತ್ರ ಬೇರೆ ವಿಷಯ: ಸೋಂಕು ಕಣಿಯನ್ನೇ ಹಿಡಿದು ಮೇಲೆ ಬರುತ್ತಿದೆ ಎಂದು ಅರ್ಥ. ಅಂಥ ಹೊತ್ತಿನಲ್ಲಿ ಉರಿಯುತ್ತಿರುವ ಜಾಗವನ್ನು ತಿಕ್ಕಿದರೆ ನೋವು, ಊತ ಹೆಚ್ಚುತ್ತದೆಯೇ ಹೊರತು ಗಂಟು ಕರಗುವುದಿಲ್ಲ.

ನನ್ನ ಮಾರ್ಗ ಒಂದಿದೆ. ಮನೆಯವರು ನಗುತ್ತಾರೆ, ನಗಲಿ. ಕೆಂಪಾದ ಜಾಗದ ಅಂಚಿಗೆ ಸರಿಯಾಗಿ ಮಾರ್ಕರ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುತ್ತೇನೆ. ಅಡಿಕೆ ಗೋಣಿಗೆ ಗುರುತು ಹಾಕುವ ಕ್ಯಾಮ್ಲಿನ್ ಪರ್ಮನೆಂಟ್ ಮಾರ್ಕರೇ ಆಗಬೇಕು. ಬಾಲ್‌ಪೆನ್ ಬೆವರಿಗೆ ನಿಲ್ಲುವುದಿಲ್ಲ, ಎಣ್ಣೆ ಹಚ್ಚಿದ ಕಾಲಿಗಂತೂ ಹಿಡಿಯುವುದೇ ಇಲ್ಲ. ಕೆಂಪು ಆ ಮಾರ್ಕರ್ ಗೆರೆಯನ್ನು ದಾಟಿತೋ ಇಲ್ಲವೋ ಎನ್ನುವುದಕ್ಕೆ ಆಮೇಲೆ ವಾದವೇ ಇಲ್ಲ. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಆಗ ಅಂಗೈಯ ಹಿಂಬದಿಯಿಂದ ಮುಟ್ಟಿ ಬಿಸಿ ಎಲ್ಲಿಯವರೆಗಿದೆ ಎಂದು ನೋಡಿ ಗೆರೆ ಹಾಕಬೇಕು. ಆದರೆ ಚಳಿಜ್ವರ, ಮೇಲೇರುವ ಗೆರೆ, ಗಾಯದ ಗಾತ್ರಕ್ಕೆ ಮೀರಿದ ನೋವು ಇವುಗಳಲ್ಲಿ ಒಂದಿದ್ದರೂ ಮಾರ್ಕರ್ ಹಿಡಿದು ಕಾಯಬಾರದು. ನೀವು ಹೊರಡುವ ಮೊದಲು ಒಂದು ಗೆರೆ ಹಾಕಿಕೊಳ್ಳಿ, ಡಾಕ್ಟರರಿಗೆ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಹಿಂದಿನ ಬಾರಿಯ ನಾಲ್ಕು ಆಂಟಿಬಯೋಟಿಕ್ ಮಾತ್ರೆ ಉಳಿದಿದೆ, ಅದನ್ನು ನುಂಗಲೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಅದು ಉಳಿದದ್ದೇ ತಪ್ಪು ಸ್ವಾಮಿ! ಡಾಕ್ಟರರು ಹೇಳಿದಷ್ಟು ದಿನ ಮುಗಿಸಬೇಕು. ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂಬುದನ್ನೂ ನೆನಪು ಮಾಡಿಕೊಂಡು ಹೋಗಿ. ಹಸಿ ಗಾಯದೊಂದಿಗೆ ಕಣಿಯ ನೀರಿನಲ್ಲಿ ನಿಂತದ್ದನ್ನು ಮರೆಯದೆ ತಿಳಿಸಿ, ಇಲಿಜ್ವರ ಇರುವ ಊರು ನಮ್ಮದು. ಮೈಯಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಎಲ್ಲಿಯಾದರೂ ಇದ್ದರೆ ತೋರಿಸಿ. ಹುಲ್ಲುಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಹತ್ತಿರದ ಗಂಟು ಊದುತ್ತದೆ.

‘ಲಿಂಫ್ ಶುದ್ಧಿ’ ಪುಡಿಯ ಜಾಹೀರಾತನ್ನು ಇಲ್ಲಿ ಅಂಟಿಸಿದವರು ದಯವಿಟ್ಟು ತೆಗೆಯಿರಿ. ದುಗ್ಧರಸವನ್ನು ತಳ್ಳಲು ಹೃದಯದಂಥ ಪಂಪ್ ಇಲ್ಲ. ನಾಳಗಳ ಗೋಡೆ ತಾನೇ ಸ್ವಲ್ಪ ಹಿಂಡುತ್ತದೆ, ಉಳಿದದ್ದು ಮಾಂಸಖಂಡ, ಉಸಿರಾಟದ ಕೆಲಸ, ಹಿಂದಕ್ಕೆ ಹರಿಯದಂತೆ ಕವಾಟಗಳಿವೆ. ಸಾವಿರ ರೂಪಾಯಿಯ ಪುಡಿ ಅಲ್ಲಿ ಏನು ಮಾಡೀತು? ಜ್ವರ ಇರುವಾಗ ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟು ಮಲಗಿ. ಇಳಿದ ಮೇಲೆ ಪಾದ ಮೇಲೆ ಕೆಳಗೆ ಆಡಿಸಿ, ನಿಧಾನ ನಡೆಯಿರಿ.

ನನ್ನ ಕಾಲಿಗೆ ಮರುವರ್ಷ ಮತ್ತೆ ಬಂತು. ಒಂದೊಂದು ಸಲ ಬಂದಾಗಲೂ ಕಣಿಗಳು ಹಾಳಾಗುತ್ತವೆ, ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಮತ್ತೆ ಸೋಂಕು. ಈಗ ಸಂಜೆಯಾದರೆ ಎಡಗಾಲಿಗೆ ಚಪ್ಪಲಿ ಬಿಗಿಯಾಗುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಒತ್ತುಕಾಲುಚೀಲ ಹಾಕುತ್ತೇನೆ. ಆನೆಕಾಲಿನಲ್ಲಿ ಆಗುವುದೂ ಇದೇ ಜಾತಿಯ ಕೆಡುಕು, ಅಲ್ಲಿ ಸೊಳ್ಳೆ ತಂದ ಹುಳ ದುಗ್ಧನಾಳದಲ್ಲಿ ಮನೆ ಮಾಡುತ್ತದೆ. ಹಳೆಯ ಊತ ಇರುವವರು ನಾಚಿಕೊಂಡು ಮುಂಡು ಇಳಿಬಿಟ್ಟು ಕೂರಬೇಡಿ. ನಮ್ಮ ಕಾಸರಗೋಡಿನಲ್ಲೇ ಐಎಡಿ (ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ) ಸಂಸ್ಥೆಯವರು ಆಯುರ್ವೇದ, ಯೋಗ, ಬ್ಯಾಂಡೇಜ್ ಸೇರಿಸಿ ಇದಕ್ಕೆಂದೇ ಚಿಕಿತ್ಸೆ ಕೊಡುತ್ತಾರೆ. ಮನೆಯಲ್ಲಿ ಮಾಡುವುದು ದೊಡ್ಡ ವಿದ್ಯೆಯೇನಲ್ಲ: ದಿನಕ್ಕೆ ಎರಡು ಸಲ ಸೋಪು ನೀರು, ಬೆರಳ ಸಂದಿಗಳನ್ನು ಹಳೆಯ ಹತ್ತಿಬಟ್ಟೆಯಿಂದ ಒಂದೊಂದಾಗಿ ಒರೆಸುವುದು, ಹುಣ್ಣಿದ್ದರೆ ಶಿಲೀಂಧ್ರದ ಮುಲಾಮು. ಡೆಟಾಲನ್ನು ನೀರು ಬೆರೆಸದೆ ಗಾಯಕ್ಕೆ ಸುರಿಯುವ ಪೌರುಷ ಬೇಡ. ಗಮ್‌ಬೂಟನ್ನು ರಾತ್ರಿ ಗೂಟಕ್ಕೆ ತಲೆಕೆಳಗಾಗಿ ಹಾಕಿ. ಒದ್ದೆ ಬೂಟಿಗಿಂತ ಬರಿಗಾಲು ವಾಸಿ ಎನ್ನುವವರಿಗೆ ನಾನು ಉತ್ತರಿಸುವುದಿಲ್ಲ.

ಎಲ್ಲಾ ಗಂಟೂ ಗಾಯದ್ದಲ್ಲ. ಕಾರಣವಿಲ್ಲದೆ ಬಂದು ತಿಂಗಳಾದರೂ ಇಳಿಯದ್ದು, ನೋವಿಲ್ಲದೆ ಗಟ್ಟಿಯಾಗಿ ಬೆಳೆಯುವುದು, ಕೊರಳೆಲುಬಿನ ಮೇಲೆ ಕಾಣಿಸಿಕೊಂಡದ್ದು, ಜೊತೆಗೆ ಸಂಜೆಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯವೋ ಇನ್ನೇನೋ ಎಂದು ಪರೀಕ್ಷೆ ಮಾಡಿಸಲೇಬೇಕು.

ಮೊನ್ನೆ ಜರ್ಸಿ ದನದ ಹೆಗಲಿನ ಮುಂದೆ ಉಂಡೆ ಎದ್ದಿದೆ, ನೊಗವಿಲ್ಲದೆ ಇದೇನು ಎಂದು ಕೇಳಿದವರಿಗೂ ಇಲ್ಲೇ ಹೇಳುತ್ತೇನೆ: ಅದೂ ದುಗ್ಧಗ್ರಂಥಿ. ಉಣುಗು ಕಚ್ಚಿ ಬರುವ ಥೈಲೇರಿಯಾದಲ್ಲಿ ಪಶುವೈದ್ಯರು ಮೊದಲು ಕೈಯಾಡಿಸುವುದೇ ಅಲ್ಲಿ. ಜ್ವರ ನೋಡಿ, ರಕ್ತ ಪರೀಕ್ಷೆ ಮಾಡಿಸಿ. ಬುಪಾರ್ವಾಕ್ವೋನ್ ಚುಚ್ಚುಮದ್ದು ಬೇಗ ಬಿದ್ದರೆ ದನ ಉಳಿಯುತ್ತದೆ. ನಮ್ಮ ಊರ ತಳಿಯ ದನ ಕಾಸರಗೋಡು ಗಿಡ್ಡಕ್ಕೆ ಇದರ ಕಾಟ ಕಡಿಮೆ, ಆದರೆ ಹಾಲಿನ ಲೆಕ್ಕ ಹಾಕುವವರಿಗೆ ಗಿಡ್ಡ ಬೇಡ.

ತಮ್ಮಾ, ಇಷ್ಟು ಹೊತ್ತಿಗೆ ನೀವು ಬದಿಯಡ್ಕ ದಾಟಿರಬೇಕು. ಸಕ್ಕರೆ ಕಾಯಿಲೆ ಇದ್ದರೆ ಒಳಗೆ ಹೋದ ಕೂಡಲೇ ಹೇಳಿ, ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿದ್ದರೆ ಅದನ್ನೂ.