ನ್ಯಾನೊ ಯೂರಿಯಾ ಗದ್ದೆಗೆ ಬಿಟ್ಟರೂ ಸಸಿ ಹಳದಿ: ಪ್ರತಿಕ್ರಿಯೆ

ನ್ಯಾನೊ ಯೂರಿಯಾ, ಅಂದರೆ ಅತಿ ಸಣ್ಣ ಕಣಗಳ ದ್ರವ ಯೂರಿಯಾ, ಗದ್ದೆಗೆ ಬಿಟ್ಟರೂ ಭತ್ತದ ಸಸಿ ಯಾಕೆ ಹಳದಿ ಆಗಿದೆ ಅಂತ ತೀರ್ಥಹಳ್ಳಿ ಕಡೆಯಿಂದ ಕೇಳಿದ್ದೀರಿ. ಅದನ್ನು ನೀರಿಗೆ ಬೆರೆಸಿ ಗದ್ದೆಗೆ ಬಿಟ್ಟಿದ್ದೇ ಕಾರಣ ಇರಬೇಕು. ಅದು ಬೇರಿಗೆ ಕೊಡುವ ಗೊಬ್ಬರ ಅಲ್ಲ, ಎಲೆಗೆ ಸಿಂಪಡಿಸುವಂಥದ್ದು. ಕಣಗಳು ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗಲಿ ಅಂತಲೇ ಅಷ್ಟು ಸಣ್ಣಗೆ ಮಾಡಿರುತ್ತಾರೆ. 4% ಅಂತ ಬರೆದ 500 ಮಿ.ಲೀ. ಬಾಟಲಿಯಲ್ಲಿ ಸಾರಜನಕ ಇರುವುದು 20 ಗ್ರಾಂ. 45 ಕೆ.ಜಿ. ಚೀಲದ ಯೂರಿಯಾದಲ್ಲಿ 20 ಕೆ.ಜಿ.ಗೂ ಜಾಸ್ತಿ. ಕೆಸರಿಗೆ ಬಿದ್ದ 20 ಗ್ರಾಂ ಯಾವ ಲೆಕ್ಕ?

ಮೊದಲು ಒಂದು ಸಸಿ ಕಿತ್ತು ನೋಡಿ. ಕೆಳಗಿನ ಹಳೆ ಎಲೆ ತುದಿಯಿಂದ ಹಳದಿ ಆಗಿದ್ದರೆ ಸಾರಜನಕದ ಕೊರತೆ. ಹೊಸ ಎಲೆಯೇ ಬಿಳಿಚಿಕೊಂಡಿದ್ದರೆ ನನ್ನ ಊಹೆ ತಪ್ಪು, ಗಂಧಕವೋ ಸತುವೋ ಕಡಿಮೆ ಆಗಿರಬಹುದು. ಆಗ ಸುಮ್ನೆ ಯೂರಿಯಾ ಎರಚಬೇಡಿ, ಸಸಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.

ಸಾರಜನಕದ ಕೊರತೆಯೇ ಆದರೆ ಗದ್ದೆಯ ಅಂಚು (ಬದು) ಕಡಿದು ನೀರು ಬಸಿಯಿರಿ. ಮೇಲುಗೊಬ್ಬರಕ್ಕೆ ಚೀಲದ ಯೂರಿಯಾನೇ ಹಾಕಿ, ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟಿ. ತೀರ್ಥಹಳ್ಳಿ ಕಡೆಯ ಮಳೆಗೆ, ಗೊಬ್ಬರ ಹಾಕಿದ ಮೇಲೂ ಹೊರಹರಿವು ಬಿಟ್ಟುಕೊಂಡರೆ ಗೊಬ್ಬರ ಹಳ್ಳ ಸೇರುತ್ತದೆ, ಅದೊಂದು ನೋಡಿಕೊಳ್ಳಿ.

ಉಳಿದ ಬಾಟಲಿ ಎಸೆಯಬೇಡಿ. ಚೆನ್ನಾಗಿ ಕುಲುಕಿ, ಲೀಟರ್ ನೀರಿಗೆ 2ರಿಂದ 4 ಮಿ.ಲೀ. ಹಾಕಿ, ಎಲೆಯ ಇಬ್ಬನಿ ಆರಿದ ಮೇಲೆ ಹೊಡೆಯಿರಿ. 12 ಗಂಟೆಯೊಳಗೆ ಮಳೆ ಬಂದರೆ ಮತ್ತೆ ಹೊಡೆಯಬೇಕು, ಹಾಗಾಗಿ ಹೊಳವಾದ ದಿನ ಕಾಯಿರಿ. ಆದರೆ ಇದನ್ನು ನಂಬಿ ಚೀಲದ ಗೊಬ್ಬರ ಅರ್ಧ ಮಾಡಬೇಡಿ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಹಾಗೆ ಪ್ರಯೋಗ ಮಾಡಿದಾಗ ಭತ್ತದ ಇಳುವರಿಯೇ ಇಳಿಯಿತು.