ಪ್ರವಾಸ ಪ್ರಶ್ನೋತ್ತರ: ಮಂಜಿನ ಕಾಶಿಯಲ್ಲಿ ಎರಡು ರಾತ್ರಿ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಕಾಶಿಗೆ ಹೋಗಿ ಎರಡು ರಾತ್ರಿ ಇದ್ದು ಬರುವ ಆಲೋಚನೆ. ದೆಹಲಿ ಮೇಲೆ ಹೋಗುವ ಬೆಳಗಿನ ವಿಮಾನ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ? (ಓದುಗರು, ಬೆಂಗಳೂರು)

ಉತ್ತರ: ಬೇಡ. ಡಿಸೆಂಬರ್ ಮೂರನೇ ವಾರದಿಂದ ಜನವರಿ ಮುಗಿಯುವ ತನಕ ಗಂಗೆಯ ಬಯಲಲ್ಲಿ ಮಂಜು ದಟ್ಟ. ಗಾಳಿಯಾಡದ ರಾತ್ರಿಗಳಲ್ಲಿ ನೆಲ ತಣ್ಣಗಾಗಿ, ಹೊಲ ಮತ್ತು ನದಿಯ ತೇವ ಅಲ್ಲೇ ಕಟ್ಟಿಕೊಳ್ಳುತ್ತದೆ; ಬೆಳಗಿನ ಜಾವದಿಂದ ಒಂಬತ್ತು-ಹತ್ತು ಗಂಟೆವರೆಗೆ ಎದುರಿಗಿರುವವರೂ ಕಾಣುವುದು ಕಷ್ಟ. ದೆಹಲಿಗೂ ಅದೇ ಪಾಡು. ಅಲ್ಲಿ ವಿಮಾನ ಬದಲಿಸುವುದೆಂದರೆ ಎರಡು ಕಡೆ ಸಿಕ್ಕಿಬೀಳಲು ತಯಾರಾದಂತೆ. ನಾಲ್ಕು ಕಾಸು ಹೆಚ್ಚಾದರೂ ನೇರ ವಿಮಾನವೇ ಸರಿ, ಅದೂ ಮಧ್ಯಾಹ್ನ 12ರಿಂದ 3ರೊಳಗೆ ಇಳಿಯುವಂಥದ್ದು. ವಾಪಸು ಬಂದ ಮರುದಿನವೂ ರಜೆ ಇಟ್ಟುಕೊಳ್ಳಿ.

ರೈಲುಗಳೂ ಈ ದಿನಗಳಲ್ಲಿ ಗಂಟೆಗಟ್ಟಲೆ ತಡ. ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ ಇಳಿದು ಆಟೊ ಹಿಡಿಯಬೇಕು. ದಿನಾಂಕ ಬದಲಿಸಲು ಆಗುವುದಾದರೆ ಡಿಸೆಂಬರ್ ಮೊದಲ ಎರಡು ವಾರ ಅಥವಾ ಫೆಬ್ರುವರಿ ಮೊದಲ ಭಾಗ ನೋಡಿ. ಚಳಿಗಾಲದ ತಿಂಡಿ ಸಿಗುತ್ತದೆ, ವರ್ಷಾಂತ್ಯದ ನೂಕುನುಗ್ಗಲು ಇರುವುದಿಲ್ಲ.

ಪ್ರಶ್ನೆ: ಇರುವುದೇ ಒಂದೂವರೆ ದಿನ. ಏನು ತಿನ್ನಬೇಕು, ಏನು ನೋಡಬೇಕು? (ಓದುಗರು, ದಾವಣಗೆರೆ)

ಉತ್ತರ: ಕಾಶಿಯಲ್ಲಿ ಪ್ರತಿ ತಿಂಡಿಗೂ ಒಂದು ಹೊತ್ತಿದೆ, ಅದನ್ನು ಹಿಡಿದೇ ದಿನ ಹೊಂದಿಸಿ. ಬೆಳಿಗ್ಗೆ ಏಳೂವರೆಗೆ ಠಠೇರಿ ಬಜಾರ್, ಚೌಖಂಬಾ ಗಲ್ಲಿಗಳಿಗೆ ಹೋದರೆ ಬಿಸಿ ಕಚೋರಿ-ಪಲ್ಯ, ಜಿಲೇಬಿ, ಪಕ್ಕದಲ್ಲೇ ಹಾಲಿನ ನೊರೆಯ ಸಿಹಿ ಮಲೈಯೋ. ಕಚೋರಿ ಎರಡು ಬಗೆ: ಉದ್ದಿನ ಹೂರಣದ ದೊಡ್ಡದು, ಆಲೂಗಡ್ಡೆಯ ಚಿಕ್ಕದು. ಹಸಿ ಬಟಾಣಿಯ ಕಾಲವಾದ್ದರಿಂದ ಚೂಡಾ-ಮಟರ್ ಬಿಡಬೇಡಿ. ತೆಳು ಅವಲಕ್ಕಿಯನ್ನು ಹಾಲು-ಕೆನೆಯಲ್ಲಿ ಮೆತ್ತಗಾಗಿಸಿ, ತುಪ್ಪ, ಜೀರಿಗೆ, ಶುಂಠಿ, ಮೆಣಸಿನ ಜೊತೆ ಬಾಡಿಸಿದ ಬಟಾಣಿ ಬೆರೆಸಿರುತ್ತಾರೆ. ನಮ್ಮ ಒಗ್ಗರಣೆ ಅವಲಕ್ಕಿಯ ರುಚಿ ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಟಮಾಟರ್ ಚಾಟ್ ಸಂಜೆಯದ್ದು, ದಶಾಶ್ವಮೇಧ ಘಾಟ್ ಹತ್ತಿರದ ಗೋದೌಲಿಯಾ ಚೌಕದ ಸುತ್ತಮುತ್ತ.

ಬೆಳಿಗ್ಗೆ ಮಂಜಿದ್ದರೆ ದೋಣಿಯಲ್ಲಿ ಸೂರ್ಯೋದಯ ನೋಡುವ ಆಸೆ ಬಿಡಿ. ದೋಣಿಯನ್ನು ಸಂಜೆ ನಾಲ್ಕಕ್ಕೆ ಹತ್ತಿ, ದಶಾಶ್ವಮೇಧದಲ್ಲಿ ಆರತಿ ಮುಗಿಸಿಕೊಂಡು ಇಳಿಯಿರಿ. ಚಳಿಗಾಲದಲ್ಲಿ ಆರತಿ ಸುಮಾರು ಆರಕ್ಕೇ ಶುರು. ‘ಏಳಕ್ಕೆ’ ಎಂಬ ಬೇಸಿಗೆಯ ಲೆಕ್ಕ ನಂಬಿ ಹೋದವರಿಗೆ ಸಿಗುವುದು ಕೊನೆಯ ಭಾಗ. ನದಿ ಇಳಿದಿರುವುದರಿಂದ ಅಸ್ಸಿಯಿಂದ ದಶಾಶ್ವಮೇಧದವರೆಗೆ ಘಾಟ್‌ಗಳ ಮೇಲೇ ನಡೆದು ಬರಬಹುದು. ಮಳೆಗಾಲದಲ್ಲಿ ಇದು ಆಗದು. ಮಧ್ಯಾಹ್ನದ ಬಿಸಿಲು ಸಾರನಾಥಕ್ಕಿರಲಿ. ಶುಕ್ರವಾರ ಅಲ್ಲಿನ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ, ಅಶೋಕನ ಸಿಂಹಶಿರಸ್ಸು ಇರುವುದು ಅದರೊಳಗೇ.

ಪ್ರಶ್ನೆ: ಮಲೈಯೋ ಮನೆಯಲ್ಲಿ ಮಾಡಲು ಹೋದೆ. ನೊರೆ ಬಂತು, ಹತ್ತು ನಿಮಿಷಕ್ಕೆ ನೀರಾಯಿತು. ಯಾಕೆ? (ಓದುಗರು, ಮೈಸೂರು)

ಉತ್ತರ: ಹಾಲು ಸಾಕಷ್ಟು ತಣ್ಣಗಿರಲಿಲ್ಲ, ಇಲ್ಲವೇ ಕೊಬ್ಬು ಕಡಿಮೆಯಿತ್ತು. ಕಾಶಿಯಲ್ಲಿ ಕಾಯಿಸಿದ ಗಟ್ಟಿ ಹಾಲನ್ನು ರಾತ್ರಿಯಿಡೀ ಬಯಲಲ್ಲಿ ಇಬ್ಬನಿಗೆ ಇಟ್ಟು, ನಸುಕಿನಲ್ಲಿ ಕಡೆದು ನೊರೆ ತೆಗೆಯುತ್ತಾರೆ. ಇಬ್ಬನಿಯ ಮಹಿಮೆ ಎನ್ನುತ್ತಾರೆ. ಕೆಲಸ ಮಾಡುವುದು ಮುಖ್ಯವಾಗಿ ಚಳಿ. ತಂಪಿಗೆ ಕೊಬ್ಬಿನ ಕಣಗಳು ಅರೆಗಟ್ಟಿಯಾಗಿ ಗಾಳಿಗುಳ್ಳೆಗಳ ಸುತ್ತ ಅಂಟಿಕೊಂಡು ನೊರೆಯನ್ನು ಹಿಡಿದು ನಿಲ್ಲಿಸುತ್ತವೆ. ಟೋನ್ಡ್ ಹಾಲಿನ ನೊರೆಗೆ ಆ ಆಸರೆ ಇಲ್ಲ.

ಒಂದು ಲೀಟರ್ ಗಟ್ಟಿ ಹಾಲು ಕಾಯಿಸಿ ಆರಿಸಿ, 250 ಮಿ.ಲೀ. ಫ್ರೆಶ್ ಕ್ರೀಮ್ ಸೇರಿಸಿ ಫ್ರಿಜ್ಜಿನಲ್ಲಿ ರಾತ್ರಿ ಇಡಿ. ಪಾತ್ರೆ, ಕಡೆಗೋಲು ಕೂಡ ಫ್ರಿಜ್ಜಿಗೇ ಹೋಗಲಿ. ಬೆಳಿಗ್ಗೆ ಐಸ್ ತುಂಬಿದ ಬೋಗುಣಿಯ ಮೇಲೆ ಪಾತ್ರೆ ಕೂರಿಸಿ ಕಡೆಯಿರಿ. ಮೇಲೆ ಬಂದ ನೊರೆಯನ್ನು ಆಗಾಗ ಚಮಚದಲ್ಲಿ ತೆಗೆದು ಇನ್ನೊಂದು ತಣ್ಣನೆಯ ಪಾತ್ರೆಗೆ ಹಾಕಿ. ಕೇಸರಿ ನೆನೆಸಿದ ಎರಡು ಚಮಚ ಹಾಲನ್ನು ಕಡೆಯುವ ಮೊದಲೇ ಸೇರಿಸಿ. ಪುಡಿಸಕ್ಕರೆ, ಏಲಕ್ಕಿಯನ್ನು ನೊರೆಯ ಮೇಲೆ ಉದುರಿಸಿದರೆ ಸಾಕು. ಒಂದೇ ಸಮನೆ ಕಡೆದರೆ ಬೆಣ್ಣೆ ಹರಳು ಕಟ್ಟುತ್ತದೆ, ಆಮೇಲೆ ಮಜ್ಜಿಗೆಗೂ ಬಾರದು. ಉಳಿದ ಹಾಲು ಚೆಲ್ಲಬೇಡಿ: ಕಾಶಿಯಲ್ಲಿ ನೊರೆ ತಿಂದಾದ ಮೇಲೆ ಅದೇ ಮಣ್ಣಿನ ಕುಲ್ಹಡ್‌ಗೆ ಆ ಕೇಸರಿ ಹಾಲು ಸುರಿದು ಕೊಡುತ್ತಾರೆ. ಅಲ್ಲಿಗೆ ಹೋದಾಗ ಬಿಸಿಲೇರುವ ಮೊದಲೇ ತಿನ್ನಿ, ಮಧ್ಯಾಹ್ನ ಸಿಗುವುದು ಕುಗ್ಗಿದ ನೊರೆ.

ಪ್ರಶ್ನೆ: ಅಪ್ಪ-ಅಮ್ಮ ಎಪ್ಪತ್ತು ದಾಟಿದವರು, ಈರುಳ್ಳಿ-ಬೆಳ್ಳುಳ್ಳಿ ತಿನ್ನುವುದಿಲ್ಲ. ಎಲ್ಲಿ ಉಳಿದುಕೊಂಡರೆ ಅನುಕೂಲ? (ಓದುಗರು, ಹುಬ್ಬಳ್ಳಿ)

ಉತ್ತರ: ಗೋದೌಲಿಯಾದ ಒಳಗಲ್ಲಿಗಳಿಗೆ ಗಾಡಿ ಬರುವುದಿಲ್ಲ, ಪೆಟ್ಟಿಗೆ ಹೊತ್ತೇ ನಡೆಯಬೇಕು. ವಯಸ್ಸಾದವರಿಗೆ ಅಸ್ಸಿ ಕಡೆಯೇ ವಾಸಿ, ಅದರಲ್ಲೂ ರಸ್ತೆಗೆ ಹೊಂದಿದ ಕೋಣೆ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಹೀಟರ್ ಕೊಡುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತ ದಕ್ಷಿಣದವರ ನೆಲೆ ಹಳೆಯದು, ಇಡ್ಲಿ-ಅನ್ನ ಸಿಗುತ್ತದೆ; ಕರ್ನಾಟಕ ಘಾಟ್ ಇರುವುದೂ ಅಲ್ಲೇ. ಜಂಗಮವಾಡಿ ಮಠ ಗೋದೌಲಿಯಾಕ್ಕೆ ಹತ್ತಿರ. ಅಂಗಡಿಗಳಲ್ಲಿ ‘ಬಿನಾ ಪ್ಯಾಜ್-ಲಹಸುನ್’ ಎಂದು ಕೇಳಿದರೆ ತಿಳಿಸುತ್ತಾರೆ. ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ, ಕೋಣೆಯಲ್ಲೇ ಇಟ್ಟು ಹೋಗಿ. ಹಣ ಕಟ್ಟಿ ಬೇಗ ದರ್ಶನ ಪಡೆಯುವ ‘ಸುಗಮ ದರ್ಶನ’ದ ಟಿಕೆಟನ್ನು ದೇವಸ್ಥಾನದ ಜಾಲತಾಣದಲ್ಲೇ ತೆಗೆಯಿರಿ, ದಾರಿಯಲ್ಲಿ ‘ಬೇಗ ದರ್ಶನ ಮಾಡಿಸುತ್ತೇನೆ’ ಎಂದು ಬೆನ್ನು ಹತ್ತುವವರಿಂದ ಬೇಡ.

ಪ್ರಶ್ನೆ: ದೋಣಿಯಲ್ಲಿ ಹಕ್ಕಿಗಳಿಗೆ ಹಾಕಲು ಸೇವು ಮಾರುತ್ತಾರಂತೆ, ಹಾಕಬಹುದೇ? (ಓದುಗರು, ಶಿರಸಿ)

ಉತ್ತರ: ಹಾಕಬೇಡಿ. ಚಳಿಗೆ ವಲಸೆ ಬರುವ ಆ ಕಡಲಕ್ಕಿಗಳ ಆಹಾರ ಮೀನು, ಹುಳು. ಎಣ್ಣೆಯಲ್ಲಿ ಕರಿದ ಉಪ್ಪಿನ ಸೇವು ಅವುಗಳಿಗೆ ಒಗ್ಗುವಂಥದ್ದಲ್ಲ. ಫೋಟೊ ಬೇಕಿದ್ದರೆ ದೋಣಿಯವನಿಗೆ ಸ್ವಲ್ಪ ನಿಧಾನಿಸಲು ಹೇಳಿ. ಬೇರೆಯವರು ಎರಚುವ ಸೇವಿಗೇ ಅವು ಬೇಕಾದಷ್ಟು ಹತ್ತಿರ ಬರುತ್ತವೆ.