ಓದುಗರ ಪ್ರಶ್ನೆ, ತಜ್ಞರ ಉತ್ತರ: ಭೂಶಾಖಕ್ಕಾಗಿ ಬೆಟ್ಟದ ನೆಲ ಕೊರೆಯುವ ಮುನ್ನ

ಪ್ರಶ್ನೆ: ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನ ತಪ್ಪಲಿನಲ್ಲಿ ನಾವು ಮನೆ ಕೊಂಡಿದ್ದೇವೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಗ್ಯಾಸ್ ಬಾಯ್ಲರ್ ತೆಗೆದು ಭೂಶಾಖದ (ನೆಲದಡಿಯ ಶಾಖವನ್ನು ಮೇಲೆಳೆದು ಬಳಸುವ) ಹೀಟ್ ಪಂಪ್ ಹಾಕಿಸುವ ಯೋಚನೆಯಿದೆ. ಗುತ್ತಿಗೆದಾರರು 130 ಮೀಟರ್ ಕೊರೆಯಬೇಕೆನ್ನುತ್ತಾರೆ. ಸರ್ಕಾರಿ ನಕ್ಷೆಯ ಪ್ರಕಾರ ನಮ್ಮ ನಿವೇಶನದಲ್ಲಿ 60 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಗೇಣಗಲವೂ ಇಲ್ಲದ ರಂಧ್ರಕ್ಕೆ ಇಷ್ಟು ಕಟ್ಟುನಿಟ್ಟೇಕೆ?
— ಫ್ರೈಬುರ್ಗ್ ಸಮೀಪದ ಓದುಗರು

ಉತ್ತರ: ನಿಮ್ಮ ಊರಿನಿಂದ ಬಹಳ ದೂರವಿಲ್ಲದ ಶ್ಟೌಫೆನ್ ಪಟ್ಟಣವೇ ಇದಕ್ಕೆ ಉತ್ತರ. ಡಾಕ್ಟರ್ ಫೌಸ್ಟ್ ಸೈತಾನನ ಕೈಗೆ ಸಿಕ್ಕಿ ಸತ್ತನೆಂಬ ಐತಿಹ್ಯಕ್ಕೆ ಹೆಸರಾಗಿದ್ದ ಈ ಊರು, 2007ರ ನಂತರ ಬಿರುಕುಬಿಟ್ಟ ಗೋಡೆಗಳಿಂದ ಪ್ರಸಿದ್ಧವಾಯಿತು. ಆ ವರ್ಷ ಅಲ್ಲಿನ ಹಳೆಯ ಪುರಭವನಕ್ಕೆ ಭೂಶಾಖದ ವ್ಯವಸ್ಥೆ ಮಾಡಲು ಅದರ ಹಿಂಬದಿಯಲ್ಲಿ ಏಳು ರಂಧ್ರಗಳನ್ನು 140 ಮೀಟರ್ ಆಳದವರೆಗೆ ಕೊರೆಯಲಾಯಿತು. ಆ ಆಳದಲ್ಲಿ ಅನ್‌ಹೈಡ್ರೈಟ್ ಎಂಬ ಖನಿಜವಿರುವ ಪದರವೊಂದಿತ್ತು, ಅದರ ಕೆಳಗೆ ಒತ್ತಡದಲ್ಲಿದ್ದ ಅಂತರ್ಜಲವಿತ್ತು. ಇವೆರಡೂ ಲಕ್ಷಾಂತರ ವರ್ಷಗಳಿಂದ ಒಂದನ್ನೊಂದು ಮುಟ್ಟದೆ ಇದ್ದವು. ರಂಧ್ರದ ಗೋಡೆಗೂ ಶಾಖ ಹೊತ್ತು ತರುವ ದ್ರವ ಹರಿಯುವ ಪ್ಲಾಸ್ಟಿಕ್ ಕೊಳವೆಗೂ ನಡುವಿನ ಸಂದನ್ನು ತುಂಬಿದ್ದ ಗಾರೆ ಎಲ್ಲೆಡೆ ಬಿಗಿಯಾಗಿ ಕೂರದ ಕಾರಣ ನೀರು ಮೇಲೇರಿ ಅನ್‌ಹೈಡ್ರೈಟನ್ನು ತಲುಪಿತು. ನೀರು ಕುಡಿದ ಅನ್‌ಹೈಡ್ರೈಟ್ ಜಿಪ್ಸಮ್ ಆಗಿ ಮಾರ್ಪಡುತ್ತದೆ ಮತ್ತು ಹಾಗಾಗುವಾಗ ಅದರ ಗಾತ್ರ ಶೇಕಡ 60ರಷ್ಟು ಹಿಗ್ಗುತ್ತದೆ. ಕೆಲವೇ ವಾರಗಳಲ್ಲಿ ಗೋಡೆಗಳು ಸೀಳತೊಡಗಿದವು. ತೀವ್ರವಾಗಿದ್ದ ದಿನಗಳಲ್ಲಿ ನೆಲ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮೇಲೇರುತ್ತಿತ್ತು, ಮತ್ತು 250ಕ್ಕೂ ಹೆಚ್ಚು ಕಟ್ಟಡಗಳು ಹಾನಿಗೊಳಗಾದವು. ರಂಧ್ರಗಳಿಗೆ ಮತ್ತೆ ಗಾರೆ ತುಂಬಿ, ಪಕ್ಕದಲ್ಲಿ ಬಾವಿ ತೋಡಿ ನಿರಂತರವಾಗಿ ನೀರೆತ್ತಿ ಅಂತರ್ಜಲದ ಮಟ್ಟ ಇಳಿಸಿದ ಮೇಲೆಯೇ ಆ ವೇಗ ತಗ್ಗಿದ್ದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನೆಲದಿಂದ ಶಾಖ ತೆಗೆದದ್ದರಿಂದ ಈ ಹಾನಿ ಆಗಲಿಲ್ಲ. ಪ್ರತ್ಯೇಕವಾಗಿದ್ದ ಎರಡು ಪದರಗಳನ್ನು ರಂಧ್ರವು ಜೋಡಿಸಿದ್ದರಿಂದ ಆಯಿತು. ವೀಸ್‌ಬಾಡನ್‌ನಲ್ಲಿ 2009ರ ನವೆಂಬರ್‌ನಲ್ಲಿ ಭೂಶಾಖಕ್ಕೆಂದು ಕೊರೆಯುತ್ತಿದ್ದಾಗ ಒತ್ತಡದ ಅಂತರ್ಜಲ ಸಿಕ್ಕಿ, ನಿಮಿಷಕ್ಕೆ ಸಾವಿರಾರು ಲೀಟರ್ ನೀರು ಮೇಲೆ ನುಗ್ಗಿತು. ಅಲ್ಲಿಯೂ ಮೂಲಕಾರಣ ಇದೇ ಬಗೆಯದು. ಆದ್ದರಿಂದ ನಿಮ್ಮ ನಿವೇಶನದ 60 ಮೀಟರ್ ಮಿತಿಯನ್ನು ‘ಅದರ ಕೆಳಗೆ ಶಾಖವಿಲ್ಲ’ ಎಂದು ಓದಬೇಡಿ. ‘ಅದರ ಕೆಳಗೆ ಮುಟ್ಟಬಾರದ ಪದರವಿದೆ, ಅಥವಾ ಇರುವ ಸಂಭವವಿದೆ’ ಎಂದು ಓದಿಕೊಳ್ಳಿ. 130 ಮೀಟರಿನ ಒಂದು ರಂಧ್ರಕ್ಕೆ ಬದಲಾಗಿ 60–65 ಮೀಟರಿನ ಎರಡು ಎಂದು ಲೆಕ್ಕ ಹಾಕುವವರೂ ಉಂಟು. ಆದರೆ ಅನುಮತಿ 60ಕ್ಕೆ ಇರುವಾಗ 65 ಎಂಬ ಮಾತೇ ಸಲ್ಲದು. 60ರ ಒಳಗೇ ನಿಲ್ಲುವ ಎರಡು ಅಥವಾ ಮೂರು ರಂಧ್ರಗಳನ್ನು, ಒಂದರ ಶಾಖವನ್ನು ಇನ್ನೊಂದು ಕಸಿಯದಂತೆ ಕನಿಷ್ಠ ಐದಾರು ಮೀಟರ್ ಅಂತರವಿಟ್ಟು ಕೊರೆಸಿದರೆ ಕೆಲಸ ಸಾಗುತ್ತದೆ. ಖರ್ಚು ಸ್ವಲ್ಪ ಏರಬಹುದು. ಇದಕ್ಕಿಂತ ಮುಖ್ಯವಾಗಿ, ಜಿಪ್ಸಮ್ ಕಂಡ ಕೂಡಲೇ (ಅದರ ಕೆಳಗೆ ಅನ್‌ಹೈಡ್ರೈಟ್ ಇರಬಹುದು), ಆಳ ಎಷ್ಟೇ ಇರಲಿ, ಕೊರೆತ ನಿಲ್ಲಿಸಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಗಾರೆ ತುಂಬಿದ ದಾಖಲೆ ಮತ್ತು ಹಾನಿಯ ವಿಮೆಯ ಪ್ರತಿಯನ್ನು ಕೇಳಿ ಪಡೆಯಿರಿ. ನಿಮ್ಮ ರಾಜ್ಯವಾದ ಬಾಡೆನ್-ವ್ಯುರ್ಟೆಂಬರ್ಗ್ 2011ರಲ್ಲಿ ರೂಪಿಸಿದ ಮಾರ್ಗಸೂಚಿ ಇಂಥ ಅನುಭವಗಳ ನಂತರವೇ ಬಂದದ್ದು.

ಪ್ರಶ್ನೆ: ಕಣ್ಣಿಗೆ ಕಾಣದ ಅಪಾಯಗಳನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ? ಆಲ್ಪ್ಸ್‌ನಂಥ ಪರ್ವತ ಪ್ರದೇಶದಲ್ಲಿ ಆ ನಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?
— ಮೈಸೂರಿನ ಭೂವಿಜ್ಞಾನ ವಿದ್ಯಾರ್ಥಿನಿ

ಉತ್ತರ: ಬಹುಪಾಲು ಕೆಲಸ ನಡೆಯುವುದು ಹಳೆಯ ಕಡತಗಳಲ್ಲಿ. ನೀರಿಗಾಗಿ, ಗಣಿಗಾಗಿ, ರಸ್ತೆಗಾಗಿ ಹಿಂದೆ ಕೊರೆದ ರಂಧ್ರಗಳ ದಾಖಲೆ, ಚಿಲುಮೆಗಳ ಪಟ್ಟಿ, ಸುರಂಗ ತೋಡಿದವರ ವರದಿ, ಭೂಕುಸಿತದ ಇತಿಹಾಸ ಇವನ್ನೆಲ್ಲ ಭೂವೈಜ್ಞಾನಿಕ ನಕ್ಷೆಯ ಮೇಲೆ ಹೊಂದಿಸಿ ಪದರಗಳ ಆಳವನ್ನು ಅಂದಾಜು ಮಾಡುತ್ತಾರೆ. ಅನ್‌ಹೈಡ್ರೈಟ್ ಉಬ್ಬುವುದು ಸುರಂಗದ ಎಂಜಿನಿಯರುಗಳಿಗೆ ಶ್ಟೌಫೆನ್‌ಗಿಂತ ದಶಕಗಳ ಮೊದಲೇ ತಿಳಿದಿತ್ತು; ಸ್ಟುಟ್‌ಗಾರ್ಟ್‌ನ ವಾಗೆನ್‌ಬುರ್ಗ್ ಸುರಂಗವೇ ಅದಕ್ಕೆ ಸಾಕ್ಷಿ. ಆ ತಿಳಿವಳಿಕೆ ಮನೆಗಳ ಹಿತ್ತಲಲ್ಲಿ ಕೊರೆಯುವವರ ಕೈಗೆ ಸಕಾಲದಲ್ಲಿ ಸಿಗಲಿಲ್ಲ ಎಂಬುದೇ ನನ್ನ ದೂರು. ಆಲ್ಪ್ಸ್ ಹಂಚಿಕೊಂಡಿರುವ ದೇಶಗಳ ಸಂಸ್ಥೆಗಳು 2015ರಿಂದ 2018ರವರೆಗೆ ‘ಗ್ರೇಟಾ’ ಎಂಬ ಯೋಜನೆಯಡಿ ಒಟ್ಟಾಗಿ ಕೆಲಸ ಮಾಡಿ, ಆಳವಲ್ಲದ ಭೂಶಾಖದ ಸಾಧ್ಯತೆಯ ಜೊತೆಗೆ ಅದರ ಅಡ್ಡಿಗಳನ್ನೂ ಪರಿಶೀಲಿಸಿದ್ದು ಈ ಕೊರತೆಯನ್ನು ತುಂಬುವ ಪ್ರಯತ್ನ.

ಪರ್ವತದಲ್ಲಿ ಅಪಾಯಗಳ ಪಟ್ಟಿ ದೊಡ್ಡದು. ಹಿಮನದಿ ಆಳವಾಗಿ ಕೊರೆದ ಕಣಿವೆಗಳಲ್ಲಿ ಸರೋವರದ ಜೇಡಿಯ ಹೊದಿಕೆಯಡಿ ಒತ್ತಡದ ನೀರು ಇರಬಹುದು. ನಿಧಾನವಾಗಿ ಜಾರುವ ಇಳಿಜಾರು ಕೊಳವೆಯನ್ನು ಕತ್ತರಿಸಬಹುದು. ಸುಣ್ಣಕಲ್ಲಿನ ಗವಿಗಳಲ್ಲಿ ಗಾರೆ ಎಷ್ಟು ಸುರಿದರೂ ತುಂಬದೇ ಹೋಗಬಹುದು. ಕೆಲವೆಡೆ ಮೀಥೇನ್ ಬರಬಹುದು. ಅನ್‌ಹೈಡ್ರೈಟ್ ಹಿಗ್ಗಿದರಷ್ಟೇ ತೊಂದರೆ ಎಂದೇನೂ ಅಲ್ಲ, ಜಿಪ್ಸಮ್ ಕರಗಿದರೂ ತೊಂದರೆಯೇ. ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದ ಸೇಂಟ್ ಲಿಯೊನಾರ್ದ್‌ನಲ್ಲಿ ಪ್ರವಾಸಿಗರು ದೋಣಿಯಲ್ಲಿ ಸಾಗುವ ನೆಲದಡಿಯ ಸರೋವರ, ನೀರು ಜಿಪ್ಸಮನ್ನು ಕರಗಿಸಿದ್ದರಿಂದಲೇ ಉಂಟಾದದ್ದು. ಅಂಥ ಪೊಳ್ಳಿನ ಮೇಲೆ ಕೊರೆಯುವ ಯಂತ್ರ ನಿಂತರೆ ಏನಾದೀತೆಂದು ಊಹಿಸಿಕೊಳ್ಳಿ.

ನಂಬಿಕೆಯ ಪ್ರಶ್ನೆಗೆ ಬಂದರೆ, ಅಳತೆಯ ಪ್ರಮಾಣವನ್ನು ಮೊದಲು ನೋಡಿ. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 50 ಮೀಟರ್. ಒಂದು ನಿವೇಶನ ಇಡಿಯಾಗಿ ಆ ಗೆರೆಯೊಳಗೇ ಅಡಗುತ್ತದೆ. ಬಯಲಿನಲ್ಲಿ ಪದರಗಳು ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುವುದರಿಂದ ಒಂದು ರಂಧ್ರದ ದಾಖಲೆ ಪಕ್ಕದ ಹೊಲಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಮಡಚಿ, ಮುರಿದು, ಒಂದರ ಮೇಲೊಂದು ಏರಿರುವ ಆಲ್ಪ್ಸ್‌ನಲ್ಲಿ ಹಾಗಲ್ಲ: ರಂಧ್ರ ನೆಟ್ಟಗೆ ಇಳಿದರೂ ಓರೆಯಾದ ಸ್ತರಭಂಗವನ್ನು (ಬಂಡೆ ಮುರಿದು ಸರಿದ ಬಿರುಕನ್ನು) ದಾಟಿ, ಮೇಲೆ ಕಾಣದ ಬಂಡೆಯನ್ನು ತಲುಪಬಹುದು. ಜನವಸತಿ ಕಣಿವೆಯ ತಳದಲ್ಲಿ ಕೂಡಿರುವುದರಿಂದ ದಾಖಲೆಗಳೂ ಅಲ್ಲಿಯೇ ಕೂಡಿವೆ, ಇಳಿಜಾರುಗಳಲ್ಲಿ ಬೆರಳೆಣಿಕೆಯಷ್ಟು. ಹೀಗಿರುವಾಗ ನಕ್ಷೆಯ ಖಾಲಿ ಜಾಗವನ್ನು ಹಸಿರು, ಅಂದರೆ ಸುರಕ್ಷಿತ, ಜಾಗವೆಂದು ಭಾವಿಸುವುದು ಅತ್ಯಂತ ಅಪಾಯಕಾರಿ. ಒಳ್ಳೆಯ ನಕ್ಷೆ ‘ಅಪಾಯವಿಲ್ಲ’ ಎಂಬುದಕ್ಕೂ ‘ಮಾಹಿತಿಯಿಲ್ಲ’ ಎಂಬುದಕ್ಕೂ ಬೇರೆ ಬೇರೆ ಬಣ್ಣ ಕೊಡುತ್ತದೆ. ಹೊಸದಾಗಿ ಕೊರೆದ ಪ್ರತಿಯೊಂದು ರಂಧ್ರದ ವಿವರ ಕಡತಕ್ಕೆ ಸೇರಿದರಷ್ಟೇ ಆ ಬಣ್ಣ ಬದಲಾಗುತ್ತದೆ.

ಪ್ರಶ್ನೆ: ಕೊಡಗಿನಲ್ಲಿ ನಮ್ಮ ಹೋಮ್‌ಸ್ಟೇಗೆ ಇಂಥ ವ್ಯವಸ್ಥೆ ಹಾಕಿಸಬಹುದೇ? ಬೋರ್‌ವೆಲ್ ಇದ್ದೇ ಇದೆ.
— ಮಡಿಕೇರಿ ಬಳಿಯ ಓದುಗರು

ಉತ್ತರ: ನನ್ನ ಅಭಿಪ್ರಾಯದಲ್ಲಿ ಅಗತ್ಯವಿಲ್ಲ. ಕೊಡಗಿನ ಚಳಿಗೆ ಮನೆಯನ್ನು ತಿಂಗಳುಗಟ್ಟಲೆ ಕಾಯಿಸಬೇಕಾಗಿಲ್ಲ, ಮತ್ತು ಸ್ನಾನದ ಬಿಸಿನೀರಿಗೆ ಸೌರ ವ್ಯವಸ್ಥೆಯೋ ಗಾಳಿಯಿಂದ ಶಾಖ ಪಡೆಯುವ ಹೀಟ್ ಪಂಪೋ ಸಾಕು. ನಮ್ಮ ಬೋರ್‌ವೆಲ್‌ಗಳಿಗೆ ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಕೇಸಿಂಗ್ ಇಳಿಸಿ, ಅದರ ಕೆಳಗೆ ನೀರು ಜಿನುಗಲೆಂದು ತೆರೆದೇ ಬಿಡುತ್ತಾರೆ. ಭೂಶಾಖದ ರಂಧ್ರವನ್ನಾದರೋ ತಳದಿಂದ ಮೇಲಿನವರೆಗೂ ಮುಚ್ಚಬೇಕು. ಒಂದನ್ನು ಇನ್ನೊಂದಾಗಿ ಬಳಸುವುದು ಸರಿಯಲ್ಲ. ನಿಮ್ಮಲ್ಲಿನ ಗಟ್ಟಿ ಶಿಲೆಯಲ್ಲಿ ಅನ್‌ಹೈಡ್ರೈಟಿನ ಭಯವಿಲ್ಲ. ಭಯವಿರುವುದು ಅದರ ಮೇಲೆ ಕುಳಿತ ದಪ್ಪ ಮಣ್ಣಿನದು, ಅದನ್ನು 2018ರ ಆಗಸ್ಟ್‌ನಲ್ಲಿ ಭೂಕುಸಿತವಾದಾಗ ನೀವೇ ಕಂಡಿದ್ದೀರಿ. ಏನೇ ಕೊರೆಸುವುದಿದ್ದರೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿರುವ ಭೂಕುಸಿತ ಸಂಭಾವ್ಯತೆಯ ನಕ್ಷೆಯಲ್ಲಿ ನಿಮ್ಮ ಇಳಿಜಾರನ್ನು ಮೊದಲು ನೋಡಿ. ಮೇಲೆ ಹೇಳಿದ ಗೆರೆಯ ದಪ್ಪದ ಎಚ್ಚರಿಕೆ ಅದಕ್ಕೂ ಅನ್ವಯಿಸುತ್ತದೆ.